ಇನ್ನೂ ಬೇಕಮ್ಮಾ

ತೂಕದ ಯಂತ್ರದ ಮುಳ್ಳು ಐವತ್ತೊಂದನ್ನು ಮುಟ್ಟಿ, ಒಮ್ಮೆ ನಡುಗಿ, ಅಲ್ಲೇ ನಿಂತಾಗ ದೇವದಾಸನಿಗೆ ಮೊದಲು ಆದದ್ದು ಹೆಮ್ಮೆ. ಅದು ಹೆಮ್ಮೆಯೆಂದು ಗೊತ್ತಾದದ್ದು ಆಮೇಲೆ. ಆ ಗಳಿಗೆಯಲ್ಲಿ ಎದೆಯೊಳಗೆ ಏನೋ ಬೆಚ್ಚಗೆ ಹರಡಿಕೊಂಡಿತಷ್ಟೆ. ಜಯನಗರದ ಆ ಡಿಸ್ಪೆನ್ಸರಿಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ತಾಯಂದಿರು ಇತ್ತಲೇ ನೋಡುತ್ತಿದ್ದರು. ನೋಡಲಿ ಅನ್ನಿಸಿತು. ಹತ್ತು ವರ್ಷದ ಅಂಕಮ್ಮ ಚಪ್ಪಲಿ ಬಿಚ್ಚಿಟ್ಟು, ಲಂಗವನ್ನು ಎರಡೂ ಕೈಯಿಂದ ಮೈಗೆ ಒತ್ತಿಕೊಂಡು, ಹಾಗೆ ಒತ್ತಿದರೆ ತೂಕ ಇಳಿದೀತು ಎಂಬಂತೆ ಉಸಿರು ಬಿಗಿಹಿಡಿದು ನಿಂತಿದ್ದಳು.

"ಹತ್ತು ವರ್ಷಕ್ಕೆ ಐವತ್ತೊಂದು ಕೇಜಿ," ಎಂದರು ಡಾಕ್ಟರಮ್ಮ. "ಏನ್ರೀ ತಿನ್ನಿಸ್ತೀರಿ ಈ ಮಗೂಗೆ?"

"ಏನ್ ಕೇಳಿದ್ರೂ ಇಲ್ಲ ಅನ್ನಲ್ಲ ಮೇಡಂ," ಎಂದ ದೇವದಾಸ. ಹೇಳಿ ನಕ್ಕ.

ಡಾಕ್ಟರಮ್ಮ ನಗಲಿಲ್ಲ. ಅವನ ನಗು ತುಟಿಯ ಮೇಲೇ ಒಂದಷ್ಟು ಹೊತ್ತು ಉಳಿದು, ಯಾರೂ ಕರೆಯದ ಮನೆಗೆ ಹೋದ ನೆಂಟನ ಹಾಗೆ ಎಲ್ಲಿ ಕೂರಬೇಕೆಂದು ತಿಳಿಯದೆ ಹಿಂದಿರುಗಿತು. ಅವನು ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ. ಎಷ್ಟು ಟರ್ಪೆಂಟೈನ್ ಹಾಕಿ ಉಜ್ಜಿದರೂ ಹೋಗದ ಕೆಂಪು. ಗೋಡೆ ಬರೆಯುವವನ ಕೈ ಇದು, ಕೊಲೆ ಮಾಡಿದವನದ್ದಲ್ಲ ಎಂದು ಒಂದು ಕಾಲದಲ್ಲಿ ಹೋರಾಟದ ಸಂಘದ ಗೆಳೆಯರು ತಮಾಷೆ ಮಾಡುತ್ತಿದ್ದರು. ಶಾಲೆಯಲ್ಲಿ ಡ್ರಿಲ್ ಮಾಡಿಸುವಾಗ ಅಂಕಮ್ಮ ಎರಡು ಸಲ ಕಣ್ಣು ಕತ್ತಲಿಟ್ಟು ಕೂತುಬಿಟ್ಟಿದ್ದಳು. ಮೇಷ್ಟ್ರು ಚೀಟಿ ಬರೆದು ಕಳಿಸಿದ್ದರು. ಚೀಟಿ ಓದಿದ ದೇವದಾಸನಿಗೆ ಹೊಳೆದದ್ದು ಒಂದೇ: ನಿಶ್ಶಕ್ತಿ. ಕಣ್ಣು ಕತ್ತಲಿಡುವುದು ಹಸಿದವರಿಗೆ ತಾನೆ? ಅವನಿಗೆ ಗೊತ್ತಿದ್ದ ಕತ್ತಲೆ ಅದೊಂದೇ. ಹಾಗಾಗಿ ಹದಿನೈದು ದಿನದಿಂದ ಹಾಲಿಗೆ ಮೂರು ಚಮಚ ಚಾಂಪಿಟೋನ್ ಪುಡಿ ಹಾಕುತ್ತಿದ್ದ ಕಡೆ ನಾಲ್ಕು ಹಾಕಿಸಿದ್ದ.

"ನಾಲ್ಕು ಚಮಚ," ಎಂದು ಅಂಕಮ್ಮ ತಾನೇ ಡಾಕ್ಟರಮ್ಮನಿಗೆ ಹೇಳಿದಳು. "ದಿನಕ್ಕೆ ಮೂರು ಸಲ. ಟೀವಿ ನೋಡೋವಾಗ ಬರೀ ಪುಡೀನೂ ತಿಂತೀನಿ. ಆಮೇಲೆ ಕ್ರೀಮ್ ಬಿಸ್ಕತ್ತು."

"ಮುದ್ದೆ?"

"ಅದು ತಿನ್ನಲ್ಲ. ಟೀವೀಲಿ ಯಾರೂ ತಿನ್ನಲ್ಲ."

ಡಾಕ್ಟರಮ್ಮ ಈ ಸಲ ನಕ್ಕರು, ಆದರೆ ಮಗುವಿನ ಕಡೆ ನೋಡಿ. ಆಮೇಲೆ ದೇವದಾಸನ ಕಡೆ ತಿರುಗಿ, ನಿಧಾನವಾಗಿ, ಅವನು ಅಷ್ಟು ಓದಿದವನಲ್ಲವೇನೋ ಎಂಬ ಅನುಮಾನವಿದ್ದವರು ಮಾತಾಡುವ ಹಾಗೆ ಹೇಳಿದರು. "ನೋಡೀಪ್ಪಾ, ಉಪವಾಸ ಹಾಕಿ ಅಂತ ಅಲ್ಲ ನಾನ್ ಹೇಳ್ತಿರೋದು. ಅನ್ನ ಮುದ್ದೆ ಸೊಪ್ಪು ಸಾರು ಎಲ್ಲ ತಿನ್ಲಿ. ಆ ಡಬ್ಬ ಆ ಬಿಸ್ಕತ್ತು ನಿಲ್ಲಿಸಿ. ಅದ್ರಲ್ಲಿ ಅರ್ಧಕ್ಕರ್ಧ ಸಕ್ಕರೆ. ಈ ವಯಸ್ಸಿಗೆ ಬೀಪಿ ಇಷ್ಟು ಇರಬಾರ್ದು, ಹಿಂಗೇ ಬಿಟ್ರೆ ದೊಡ್ಡೋಳಾಗೋ ಹೊತ್ತಿಗೆ ಕಷ್ಟ ಆಗತ್ತೆ. ಓಡಾಡ್ಸಿ, ಆಡಕ್ಕೆ ಬಿಡಿ. ಔಷಧಿ ಏನೂ ಬೇಡ. ಕೇಳಿದಾಗ ಸಾಕು ಅಂತ ಹೇಳಿ. ಅಪ್ಪ ನೀವು, ನೀವೇ ಹೇಳ್ಬೇಕು. ಸಾಕು. ಅಷ್ಟೆ."

ಅಷ್ಟೆ. ಔಷಧಿ ಬರೆದುಕೊಟ್ಟಿದ್ದರೆ ಎಲ್ಲಿಂದಲಾದರೂ ತಂದಿರುತ್ತಿದ್ದ. ಬೆಂಗಳೂರಿನಲ್ಲಿ ಸಿಕ್ಕದಿದ್ದರೆ ಮದರಾಸಿಗೆ ಹೋಗಿ ತಂದಿರುತ್ತಿದ್ದ. ಎರಡಕ್ಷರದ ಒಂದು ಮಾತನ್ನು ಹೇಳು ಎಂದರು. ಅದೊಂದು ಮಾತನ್ನು ತನ್ನ ಮನೆಯಲ್ಲಿ ಮಗುವಿನ ಎದುರಿಗೆ ಆಡುವುದಿಲ್ಲವೆಂದು ಅವನು ಯಾರ ಮುಂದೆಯೂ ಆಣೆ ಇಟ್ಟಿರಲಿಲ್ಲ. ಇಡದ ಆಣೆ ಮುರಿಯುವುದು ಇಟ್ಟ ಆಣೆ ಮುರಿಯುವುದಕ್ಕಿಂತ ಕಷ್ಟವೆಂದು ಆ ಡಾಕ್ಟರಮ್ಮನಿಗೆ ಹೇಗೆ ಹೇಳುವುದು?

ಬಸ್ಸಿನಲ್ಲಿ ಒಂದೂವರೆ ಟಿಕೆಟ್ ಕೇಳಿದ. ಕಂಡಕ್ಟರು ಅಂಕಮ್ಮನನ್ನು ನೋಡಿದ, ಏಣಿಗಿಂತ ಸಣ್ಣಗಿದ್ದ ದೇವದಾಸನನ್ನು ನೋಡಿದ.

"ಅರ್ಧ ಟಿಕೆಟ್ ಯಾರಿಗೆ ಗುರು, ನಿಂಗಾ?"

ಮುಂದಿನ ಸೀಟಿನ ಇಬ್ಬರು ನಕ್ಕರು. ಹಿಂದೆ ಯಾರೋ "ಸಖತ್ತಾಗಿ ಹೇಳ್ದೆ ಗುರೂ" ಎಂದರು. ದೇವದಾಸನೂ ನಕ್ಕ. ತಾನು ಯಾಕೆ ನಕ್ಕೆ ಎಂದು ಬನಶಂಕರಿ ದಾಟುವವರೆಗೂ ಯೋಚಿಸಿದ. ಚಿಕ್ಕಂದಿನಿಂದ ಬಂದ ಅಭ್ಯಾಸ ಅದು. ಹೊಡೆಯುವವನು ನಗುತ್ತಿದ್ದರೆ ಜೊತೆಗೆ ನಕ್ಕುಬಿಟ್ಟರೆ ಏಟು ಸ್ವಲ್ಪ ಮೆತ್ತಗೆ ಬೀಳುತ್ತದೆ. ಆದರೆ ಈ ಏಟು ಬಿದ್ದದ್ದು ಅವನ ಮೇಲಲ್ಲ. ಅಂಕಮ್ಮ ಕಿಟಕಿಗೆ ಮುಖ ಒತ್ತಿ ಕೂತಿದ್ದಳು. ಅವಳ ಕೆನ್ನೆ ಗಾಜಿಗೆ ಅಂಟಿ ಬಿಳಿಚಿಕೊಂಡಿತ್ತು. ಕನಕಪುರ ರಸ್ತೆ ಬಂತು. ರಸ್ತೆಯ ಉದ್ದಕ್ಕೂ ಅವನೇ ಬರೆದ ಗೋಡೆಗಳು ಒಂದೊಂದಾಗಿ ಎದುರು ಬಂದು ಹಿಂದಕ್ಕೆ ಹೋದವು: ಸಿಮೆಂಟು, ಬೀಡಿ, ಬನೀನು, ಚಾಂಪಿಟೋನ್, ಮತ್ತೆ ಚಾಂಪಿಟೋನ್. ಪ್ರತಿ ಚಾಂಪಿಟೋನಿನ ಗೋಡೆಯ ಮೇಲೂ ಒಂದು ಕೈಯಲ್ಲಿ ಡಬ್ಬವನ್ನು ಅಪ್ಪಿಕೊಂಡು, ಇನ್ನೊಂದು ಕೈಯಲ್ಲಿ ಲೋಟ ಮುಂದೆ ಚಾಚಿದ, ಮೀಸೆಯಂತೆ ಹಾಲಿನ ಗೆರೆ ಇರುವ ಒಂದು ಮಗು. ಅದರ ಬಾಯಿಂದ ಹೊರಟ ಮಾತು ಕೆಂಪಕ್ಷರದಲ್ಲಿ: ಇನ್ನೂ ಬೇಕಮ್ಮಾ! ಆ ಮಗುವಿನ ಕೆನ್ನೆ, ಈಗ ಗಾಜಿಗೆ ಅಂಟಿರುವ ಕೆನ್ನೆ, ಎರಡೂ ಒಂದೇ.

ಎರಡು ವರ್ಷದ ಹಿಂದೆ ಕಂಪನಿಯ ಏಜೆಂಟ್ ಚನ್ನಬಸವಯ್ಯ ಒಂದು ಫೋಟೋ ತಂದಿದ್ದ. ಟೀವಿಯಲ್ಲಿ ಬರುತ್ತಲ್ಲ ಗುರು, ಅದೇ ಹುಡುಗ. ಹಿಂದಿಯಲ್ಲಿ "ಮಮ್ಮೀ, ಔರ್ ಚಾಹಿಯೇ" ಅಂತಾನೆ, ಕನ್ನಡದಲ್ಲಿ ಏನಂತ ಬರೆಯೋಣ, ನೀನು ಸಂಘದಲ್ಲಿ ಇದ್ದೋನು, ಓದಿಕೊಂಡೋನು, ಒಂದು ಮಾತು ಹೇಳು. ದೇವದಾಸ ಯೋಚಿಸಲೇ ಇಲ್ಲ. ಅದು ನಾಲಿಗೆಯ ತುದಿಯಲ್ಲಿ ಮೂವತ್ತು ವರ್ಷದಿಂದ ಕಾದು ಕೂತಿದ್ದ ಹಾಗೆ ಹೊರಬಂತು. ಎಪ್ಪತ್ತರ ದಶಕದಲ್ಲಿ ಇದೇ ಗೋಡೆಗಳ ಮೇಲೆ ಇದೇ ಕೈ ಬೇಕು ಎಂದು ಬರೆದಿತ್ತು. ಭೂಮಿ ಬೇಕು. ಕುಡಿಯುವ ನೀರು ಬೇಕು. ಕೂಲಿ ಬೇಕು, ಮರ್ಯಾದೆ ಬೇಕು. ಬೆಳಗಾಗುವ ಹೊತ್ತಿಗೆ ಯಾರೋ ಸುಣ್ಣ ಬಳಿದಿರುತ್ತಿದ್ದರು. ಈಗ ಅದೇ ಬೇಕು ಎಂಬ ಮಾತನ್ನು ಬರೆಯಲು ಕಂಪನಿಯವರೇ ಬಣ್ಣ ಕೊಡುತ್ತಾರೆ, ಅಳಿಸದ ಹಾಗೆ ನೋಡಿಕೊಳ್ಳುತ್ತಾರೆ, ಮಳೆಗೆ ಮಾಸಿದರೆ ಮತ್ತೆ ಬರೆಸುತ್ತಾರೆ. ಒಂದು ಮಾತನ್ನು ಇಷ್ಟು ಸುಲಭವಾಗಿ ಕಿತ್ತುಕೊಳ್ಳಬಹುದೆಂದು ಸಂಘದ ಯಾವ ಓದಿನಲ್ಲೂ ಬಂದಿರಲಿಲ್ಲ. ಕಿತ್ತುಕೊಂಡದ್ದೂ ಅಲ್ಲ, ತಾನೇ ಕೈಯಾರೆ ಕೊಟ್ಟದ್ದು.

ಫೋಟೋದ ಹುಡುಗ ಬೆಳ್ಳಗೆ, ಸಪೂರವಾಗಿ, ಓಡಿ ಗೆದ್ದು ಬಂದವನ ಹಾಗೆ ಇದ್ದ. ದೇವದಾಸ ಫೋಟೋದ ಮೇಲೆ ಪೆನ್ಸಿಲಿನಿಂದ ಚೌಕ ಹಾಕಿ, ಗೋಡೆಯ ಮೇಲೆ ದೊಡ್ಡ ಚೌಕ ಹಾಕಿ, ಒಂದೊಂದೇ ಚೌಕವನ್ನು ಗೋಡೆಗೆ ಇಳಿಸುತ್ತ ಹೋದ. ಕತ್ತಿನ ಮೂಳೆ ಬರೆಯುವಾಗ ಕೈ ನಿಂತಿತು. ಇಷ್ಟು ಒಳ್ಳೆಯ ವಸ್ತು ಕುಡಿದ ಮಗುವಿಗೆ ಮೂಳೆ ಕಾಣುತ್ತದೆಯೆ? ಕಂಪನಿಯವರಿಗೆ ಗೊತ್ತಾಗಲಿಲ್ಲವೇನೋ, ಅವರು ಮೂಳೆ ಕಾಣುವ ಮಕ್ಕಳನ್ನು ಎಲ್ಲಿ ನೋಡಿರುತ್ತಾರೆ. ಮನೆಗೆ ಹೋಗಿ ಎಂಟು ವರ್ಷದ ಅಂಕಮ್ಮನನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ, ಅವಳ ಕೆನ್ನೆಯನ್ನು ಕಾಗದಕ್ಕೆ ಬರೆದುಕೊಂಡು ಬಂದು ಗೋಡೆಗೆ ಹಾಕಿದ. ಚನ್ನಬಸವಯ್ಯ ನೋಡಿ, "ಮಗ ಸ್ವಲ್ಪ ದಪ್ಪಗಾಯ್ತಲ್ಲ ಗುರು," ಎಂದು ತಲೆ ಕೆರೆದುಕೊಂಡು, "ಇರ್ಲಿ ಬಿಡು, ಈ ಕಡೆ ಜನಕ್ಕೆ ದಪ್ಪಗಿದ್ರೇನೆ ಇಷ್ಟ," ಎಂದಿದ್ದ. ನಲವತ್ತು ಗೋಡೆಗಳಿಗೆ ಅದೇ ಕೆನ್ನೆ ಹೋಯಿತು.

ಜರಗನಹಳ್ಳಿಯಲ್ಲಿ ಇಳಿದಾಗ ಬಸ್ಸಿನ ಎರಡು ಮೆಟ್ಟಿಲಿಗೇ ಅಂಕಮ್ಮನಿಗೆ ಉಸಿರು ಮೇಲೆ ಬಂತು. ಅವಳು ನಿಂತಳು. ಅವನೂ ನಿಂತ. "ಅಪ್ಪ, ಡಾಕ್ಟ್ರು ಬೈದ್ರಾ ನಿಂಗೆ?" ಎಂದಳು. "ಇಲ್ಲವ್ವಾ," ಎಂದ.

ಮನೆಯಲ್ಲಿ ಹೆಂಡತಿ ಕೆಂಪಕ್ಕ ಬಾಗಿಲಲ್ಲೇ ಕೂತು ಮಗಳ ಸ್ಕೂಲಿನ ಲಂಗ ಬಿಚ್ಚುತ್ತಿದ್ದಳು. ಬಿಚ್ಚಿ, ಒಳಗೆ ಮಡಿಚಿದ್ದ ಬಟ್ಟೆ ಬಿಟ್ಟು, ಮತ್ತೆ ಹೊಲಿಯುವುದು ಅವಳ ಮೂರು ತಿಂಗಳಿಗೊಮ್ಮೆಯ ಕೆಲಸವಾಗಿತ್ತು. ಮಡಿಚಿದ ಬಟ್ಟೆ ಇನ್ನು ಉಳಿದಿರಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ದೇವದಾಸ ಅರ್ಧಂಬರ್ಧ ಹೇಳಿದ. ಅವಳು ಹಲ್ಲಿನಲ್ಲಿ ದಾರ ಕಡಿದು, "ನಾನ್ ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ರಿ ತಾಯಿ ಮಗ. ಈಗ ಡಾಕ್ಟ್ರಿಗೂ ಹೊಟ್ಟೆಕಿಚ್ಚಾ?" ಎಂದಳು.

ಗೋಡೆಗೆ ಒರಗಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವನ ತಾಯಿ ಸಪ್ಪಲಮ್ಮ ಕುಟ್ಟುವುದನ್ನು ನಿಲ್ಲಿಸಿದಳು. "ಏನಂತೆ ಆ ಡಾಕ್ಟ್ರಮ್ಮಂದು?"

"ಡಬ್ಬ ನಿಲ್ಸ್‌ಬೇಕಂತೆ ಕಣವ್ವ. ಮಗ ಕೇಳ್ದಾಗ ಸಾಕು ಅನ್ಬೇಕಂತೆ."

"ಹಸ್ದವ್ಳಾ ಅವ್ಳು ಯಾವತ್ತಾದ್ರೂ? ಕೇಳ್ದೇನ್ಲಾ?" ಸಪ್ಪಲಮ್ಮ ಮತ್ತೆ ಕುಟ್ಟತೊಡಗಿದಳು. ಪ್ರತಿ ಮಾತಿಗೂ ಒಂದು ಏಟು. "ಮೈ ಕೈ ತುಂಬ್ಕಂಡು ಗೊಂಬೆ ಅಂಗವ್ಳೆ ಮಗ. ಕೇರಿಯೋರ್ ಕಣ್ಣೆಲ್ಲ ಇವ್ಳ ಮ್ಯಾಲೇ. ದೃಷ್ಟಿ ತೆಗೀಬೇಕು, ಡಬ್ಬ ತೆಗೀತಾನಂತೆ. ಸಾಕೋ ಬಾಯಲ್ಲಿ ಸಾಕು ಅನ್ಬಾರ್ದು ಕಣ್ಲಾ."

ಟೀವಿಯಲ್ಲಿ ಬರುವ ಹಿಂದಿಯಲ್ಲಿ ಸಪ್ಪಲಮ್ಮನಿಗೆ ಅರ್ಥವಾಗುತ್ತಿದ್ದ ಮಾತು ಒಂದೇ ಒಂದು: ತಾಕತ್. ಚಾಂಪಿಟೋನಿನ ಜಾಹೀರಾತಿನಲ್ಲಿ ಅದು ಮೂರು ಸಲ ಬರುತ್ತಿತ್ತು. ಮೊದಲ ಸಲ ಕೇಳಿದಾಗ ಅವಳು ಊರಿನ ಜಮೀನುದಾರ ತಿಮ್ಮರಾಯಪ್ಪನ ಮನೆಯ ಕಿಟಕಿಯ ಹೊರಗೆ, ಕೇರಿಯ ಮಕ್ಕಳ ಹಿಂದೆ, ಸರಳು ಹಿಡಿದು ನಿಂತಿದ್ದಳು. ಊರಿಗೆ ಬಂದ ಮೊದಲ ಟೀವಿ ಅದು. ನೋಡುವುದಕ್ಕೆ ಅಭ್ಯಂತರವಿರಲಿಲ್ಲ, ಹೊರಗಿನಿಂದ. "ತಾಕತ್ತು ಅಂತದೆ ಕಣ್ಲಾ ಪೆಟ್ಗೆ," ಎಂದು ಮನೆಗೆ ಬಂದು ಆಶ್ಚರ್ಯದಿಂದ ಹೇಳಿದ್ದಳು. ಆ ಮಾತು ಅವಳಿಗೆ ಗೊತ್ತಿದ್ದುದು ಇದೇ ತಿಮ್ಮರಾಯಪ್ಪನ ಬಾಯಿಂದ. ಅವಳ ಗಂಡ ಬೋರಯ್ಯ ಒಮ್ಮೆ ಕೂಲಿಯ ರಾಗಿಯಲ್ಲಿ ಕಲ್ಲಿದೆ ಎಂದು ಹೇಳಿದ್ದಕ್ಕೆ, "ಕೇಳೋ ತಾಕತ್ತು ಬಂತೇನ್ಲಾ ನಿಂಗೆ?" ಎಂದು ಕಣದಲ್ಲಿ ಎಲ್ಲರೆದುರು ಕೇಳಿದ್ದನಂತೆ. ಬೋರಯ್ಯನಿಗೆ ಅದು ಬರಲೇ ಇಲ್ಲ. ಅದು ಈಗ ಡಬ್ಬದಲ್ಲಿ ಸಿಕ್ಕುತ್ತದೆಂದರೆ ಮೊಮ್ಮಗಳಿಗೆ ಕುಡಿಸದೆ ಇನ್ನು ಯಾರಿಗೆ ಕುಡಿಸುವುದು? ದೇವದಾಸ ಟೀವಿ ತಂದದ್ದೂ ಮಗಳು ಆ ಸರಳು ಹಿಡಿಯಬಾರದೆಂದೇ. ಕೇರಿಯಲ್ಲಿ ನೆಲದ ಮೇಲೆ ಕೂತು, ಒಳಗಿನಿಂದ ಟೀವಿ ನೋಡಿದ ಮೊದಲ ಮಗು ಅಂಕಮ್ಮ. ಕೂತಳು. ಕೂತೇ ಇದ್ದಳು. ಹಿಂದೆ ಅವಳ ವಯಸ್ಸಿನ ಮಕ್ಕಳು ಆಡುತ್ತಿದ್ದ ಗುಂಡುತೋಪು ಈಗ ಸೈಟುಗಳಾಗಿ, ಸೈಟಿಗೆಲ್ಲ ತಂತಿಬೇಲಿ ಬಂದಿತ್ತು.

ದೇವದಾಸ ಮಗಳ ಜೊತೆ ಊಟಕ್ಕೆ ಕೂತ. ಮಗಳು ತಟ್ಟೆಯ ಮುದ್ದೆಯನ್ನು ಬೆರಳಿನಿಂದ ಅತ್ತ ತಳ್ಳಿ, ಸಾರಿನ ಆಲೂಗಡ್ಡೆ ಮಾತ್ರ ಆರಿಸಿ ತಿಂದಳು. ಆ ಮುದ್ದೆಯ ಅರ್ಧಕ್ಕೆ, ಅದರ ಅರ್ಧಕ್ಕೆ, ತಾನು ಎಂಟು ವರ್ಷದವನಾಗಿದ್ದಾಗ ಏನು ಬೇಕಾದರೂ ಮಾಡುತ್ತಿದ್ದೆ ಎಂದು ಹೇಳಬೇಕೆನ್ನಿಸಿ, ಅದನ್ನು ಹೇಳುವ ಅಪ್ಪಂದಿರೆಂದರೆ ತನಗೆ ಅಸಹ್ಯವೆಂದು ನೆನಪಾಗಿ, ತನ್ನ ತಟ್ಟೆಯ ಮುದ್ದೆ ಮುರಿದ. ತಿಮ್ಮರಾಯಪ್ಪನ ಮನೆಯ ಹಿತ್ತಿಲು. ಬೆಳಗ್ಗೆ ಹಿಟ್ಟಿನ ಗಂಜಿ ಹುಯ್ಯುತ್ತಿದ್ದರು, ಕೂಲಿಯವರ ಮಕ್ಕಳಿಗೆ. ತಿಮ್ಮರಾಯಪ್ಪನ ಹೆಂಡತಿ ಮಂಗಮ್ಮ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ತಾನು ಕೆಳಗೆ, ಸೊಂಟದ ಮೇಲೆ ತಂಗಿಯನ್ನು ಕೂರಿಸಿಕೊಂಡು. ಮೇಲಿನಿಂದ ಗಂಜಿಯ ಧಾರೆ ಮಡಕೆಯ ಚೂರಿಗೆ ಬೀಳುವುದು, ಅರ್ಧಕ್ಕೇ ನಿಲ್ಲುವುದು, "ಸಾಕು, ನಡಿ" ಎಂಬ ಮಾತು ಬೀಳುವುದು. ಬೈಗುಳವಲ್ಲ, ಕೋಪವೂ ಅಲ್ಲ. ಬಾಗಿಲು ಹಾಕಿದ ಸದ್ದಿನ ಹಾಗೆ ಒಂದು ಸದ್ದು. ತಂಗಿ ಕೈ ಚಾಚಿಯೇ ಇರುತ್ತಿದ್ದಳು. ಅವಳ ಹೆಸರೂ ಅಂಕಮ್ಮ. ನಾಲ್ಕನೆಯ ವರ್ಷಕ್ಕೆ ಅವಳ ಮುಖ ಊದಿತು, ಕಾಲು ಊದಿತು, ಹೊಟ್ಟೆ ಮುಂದೆ ಬಂತು. "ನಮ್ಮ ಗಂಜಿ ಕುಡ್ದು ಹೆಂಗ್ ತುಂಬ್ಕಂಡವ್ಳೆ ನೋಡು," ಎಂದು ಮಂಗಮ್ಮ ಸಂತೋಷದಿಂದಲೇ ಹೇಳಿದ್ದಳು. ಸಪ್ಪಲಮ್ಮನೂ ನಂಬಿದಳು. ಎಂಟು ವರ್ಷದ ದೇವದಾಸನೂ ನಂಬಿ, ತಂಗಿಯ ಕೆನ್ನೆಯನ್ನು ಒತ್ತಿ ನೋಡುತ್ತಿದ್ದ. ಬೆರಳು ಒತ್ತಿದ ಕಡೆ ಗುಳಿ ಬಿದ್ದು, ಬಹಳ ಹೊತ್ತು ಹಾಗೇ ಇರುತ್ತಿತ್ತು. ಆ ಕಾರ್ತಿಕದಲ್ಲಿ ಅವಳು ಸತ್ತಳು.

ಅದೇ ಮನೆಯಲ್ಲಿ ಒಂದು ಮದುವೆಯಾಯಿತು. ಎಲೆ ಎತ್ತುವುದಕ್ಕೆಂದು ಹೋಗಿದ್ದ ಹುಡುಗ ದೇವದಾಸ ಕಾಂಪೌಂಡಿನ ಸಂದಿಯಿಂದ ಪಂಕ್ತಿ ನೋಡಿದ. ಅಲ್ಲಿ ಎಲ್ಲ ತಲೆಕೆಳಗಾಗಿತ್ತು. ಅಲ್ಲಿ ಸಾಕು ಅನ್ನುತ್ತಿದ್ದವರು ಉಣ್ಣುವವರು. ಎಲೆಯ ಮೇಲೆ ಕೈ ಅಡ್ಡ ಹಿಡಿದು, ಸಾಕು ಸಾಕು ಎಂದು ನಗುತ್ತ. ಬಡಿಸುವವನು ಬಗ್ಗಿ, ಆ ಕೈಯ ಸಂದಿಯಿಂದ ಹೋಳಿಗೆ ತೂರಿಸುತ್ತ, ಇನ್ನೊಂಚೂರು, ಅಯ್ಯೋ ಇನ್ನೊಂಚೂರು, ಎಂದು ಬೇಡಿಕೊಳ್ಳುತ್ತಿದ್ದ. ಸಾಕು ಎನ್ನುವುದು ಉಣ್ಣುವವನ ಮಾತೂ ಆಗಬಹುದೆಂದು ಹುಡುಗನಿಗೆ ಗೊತ್ತಾದದ್ದು ಆವತ್ತು. ಮನೆಗೆ ಬಂದು ಖಾಲಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಒಬ್ಬನೇ ಆಡಿ ನೋಡಿದ್ದ. ನಾಚಿಕೆಯಾಗಿತ್ತು.

ಮಧ್ಯಾಹ್ನ ಊಟ ಮುಗಿಸಿ ಕೆಲಸಕ್ಕೆ ಹೋದರೆ, ತಿಮ್ಮರಾಯಪ್ಪನ ಕಾಂಪೌಂಡ್ ಗೋಡೆಯ ಹತ್ತಿರ ಚನ್ನಬಸವಯ್ಯ ಸ್ಕೂಟರಿಗೆ ಒರಗಿ ಕಾಯುತ್ತಿದ್ದ. ತಿಮ್ಮರಾಯಪ್ಪ ಈಗ ಹೊಲವೆಲ್ಲ ಮನೆಗಳಾಗಿ, ಬಾಡಿಗೆದಾರರಿಗೆ ಓನರ್ ಅಂಕಲ್ ಆಗಿದ್ದ. ರಸ್ತೆಗೆ ಮುಖ ಮಾಡಿದ ಗೋಡೆಯನ್ನು ಕಂಪನಿಗೆ ಬಿಟ್ಟಿದ್ದ. ಗೋಡೆಯ ಮಗು ಮಳೆಗೆ ಸ್ವಲ್ಪ ಮಾಸಿತ್ತು. ಅದರ ಕಾಲ ಬುಡದಲ್ಲಿ ಯಾರೋ ಇದ್ದಿಲಿನಿಂದ ಬರೆದಿದ್ದರು: ಅಂಕಮ್ಮ ಟಿನ್ನಮ್ಮ. ಅಕ್ಷರ ಚಿಕ್ಕ ಮಕ್ಕಳದು, ಒತ್ತಕ್ಷರ ಮಾತ್ರ ಸರಿಯಾಗಿತ್ತು. ದೇವದಾಸ ಅದರ ಮುಂದೆ ಬಣ್ಣದ ಡಬ್ಬಿ ಇಟ್ಟ, ಏಜೆಂಟನಿಗೆ ಕಾಣದ ಹಾಗೆ.

"ಗುರು, ಕಂಪನಿಯೋರು ಫೋಟೋ ತರಿಸ್ಕೊಂಡು ನೋಡಿದ್ರು," ಎಂದ ಚನ್ನಬಸವಯ್ಯ. "ಮಗ ಬದಲಾಯಿಸ್ಬೇಕಂತೆ. ಸಣ್ಣ ಮಾಡ್ಬೇಕು."

"ಯಾಕೆ ಸಾರ್?"

"ಯಾಕೆ ಅಂದ್ರೆ? ಈಗ ಈ ಕಡೆ ಲೇಔಟ್ ಜನ ಬರ್ತಿದಾರೆ, ಓದಿರೋರು. ಟೀವೀಲಿ ಸಣ್ಣ ಹುಡುಗ ತೋರ್ಸಿ, ಗೋಡೆ ಮೇಲೆ ಈ ತರ ಇದ್ರೆ, ಡಬ್ಬ ಕುಡುದ್ರೆ ಹಿಂಗಾಗ್ತಾರೆ ಅಂತ ಅನ್ಕೊಳಲ್ವಾ ಜನ? ಮಾಲು ಹೋಗತ್ತಾ?" ಅವನಿಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಮಾತಾಡುತ್ತ ಅವನು ಗೋಡೆಯ ಮಗುವಿನ ಕೆನ್ನೆಯನ್ನು ಸ್ಕೂಟರಿನ ಕೀಲಿಕೈಯಿಂದ ತಟ್ಟಿದ. "ಇದನ್ನೆಲ್ಲ ಕೆರೆದು ಹಾಕ್ಬಿಡು. ಇಲ್ಲಿಂದ ಇಲ್ಲಿಗೆ. ಮಿಕ್ಕಿದ್ದು ಹಂಗೇ ಇರ್ಲಿ. ನಾನು ಕೋಣನಕುಂಟೆ ಗೋಡೆ ನೋಡ್ಕೊಂಡು ಬರ್ತೀನಿ."

ಸ್ಕೂಟರು ಹೋದ ಮೇಲೆ ದೇವದಾಸ ಬಹಳ ಹೊತ್ತು ನಿಂತೇ ಇದ್ದ. ಬಸ್ಸುಗಳು ಹೋದವು, ಮರಳು ಲಾರಿಗಳು ಹೋದವು. ಡಾಕ್ಟರಮ್ಮ ಬೆಳಗ್ಗೆ ಹೇಳಿದ್ದು ಕಂಪನಿಯವರಿಗೆ ಮೊದಲೇ ಗೊತ್ತಿತ್ತು. ಮುಳ್ಳು ಎಲ್ಲಿ ನಿಲ್ಲುತ್ತದೆಂದು ಗೊತ್ತಿತ್ತು. ಕುಡಿಸುವುದು ಅಂಕಮ್ಮನಿಗೆ, ತೋರಿಸುವುದು ಟೀವಿಯ ಹುಡುಗನನ್ನು. ಕುಡಿದು ಹೀಗಾದವಳು ಗೋಡೆಯ ಮೇಲೂ ಇರಕೂಡದು. ಬಸ್ಸಿನಲ್ಲಿದ್ದರೆ ನಗೆಪಾಟಲು, ಡ್ರಿಲ್ಲಿನಲ್ಲಿದ್ದರೆ ಚೀಟಿ, ಗೋಡೆಯಲ್ಲಿದ್ದರೆ ಕೆರೆದು ಹಾಕು. ಕೋಪ ಬಂತು ಎಂದರೆ ಸುಳ್ಳಾದೀತು. ಕೋಪ ಬರಬೇಕಾದ ಜಾಗದಲ್ಲಿ ಅವನಿಗೆ ತನ್ನ ಕುಂಚವೇ ಕಾಣುತ್ತಿತ್ತು. ಈ ಅಕ್ಷರ ಯಾರದು? ಆ ಹಿಂದಿಯ ಹುಡುಗನ ಬಾಯಿಗೆ ಈ ಮಾತು ಹಾಕಿದವನು ಯಾರು? ಮೇಲಿಂದ ಧಾರೆ ಹುಯ್ಯುವವರು ಈಗ ಸಾಕು ಎನ್ನುತ್ತಿಲ್ಲ, ಅಷ್ಟೇ ವ್ಯತ್ಯಾಸ. ಹುಯ್ಯುವವರು ಈಗಲೂ ಮೆಟ್ಟಿಲ ಮೇಲೇ ಇದ್ದಾರೆ.

ಏಣಿ ಹಾಕಿದ. ಬಿಳಿ ಕಲಸಿದ. ಕುಂಚ ಅದ್ದಿ ಕೆನ್ನೆಯ ಹತ್ತಿರ ಒಯ್ದ. ಕೆನ್ನೆಯ ಮೇಲೆ ಬಿಸಿಲಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಬೆರಳಿನಿಂದ ಒತ್ತಿದ. ಗೋಡೆಯಾದ್ದರಿಂದ ಗುಳಿ ಬೀಳಲಿಲ್ಲ. ಕೈ ತಾನಾಗಿಯೇ ಕೆಳಕ್ಕಿಳಿದು, ಎದೆಗೆ ಅಪ್ಪಿದ್ದ ಡಬ್ಬದ ಮೇಲೆ ಮೊದಲ ಬಿಳಿ ಎಳೆಯಿತು. ಎರಡನೆಯದು. ಚಾಂಪಿಟೋನಿನ ಚಾ ಹೋಯಿತು, ಟೋನ್ ಹೋಯಿತು. ಆಮೇಲೆ ಚಾಚಿದ ಕೈಯ ಲೋಟವನ್ನು ಅಳಿಸಿದ, ಬೆರಳುಗಳಿಗೆ ತಾಗದ ಹಾಗೆ, ಬಹಳ ಜಾಗ್ರತೆಯಿಂದ.

ಗೇಟು ಕಿರುಗುಟ್ಟಿತು. ಮಂಗಮ್ಮ ಕೋಲೂರಿಕೊಂಡು ಹೊರಗೆ ಬಂದು, ಕಣ್ಣಿಗೆ ಕೈ ಮರೆ ಮಾಡಿ ಗೋಡೆ ನೋಡಿದಳು. ಎಪ್ಪತ್ತು ದಾಟಿತ್ತು, ಮೆಟ್ಟಿಲು ಇಳಿಯುವುದೇ ಕಷ್ಟ.

"ಯಾರು, ಬೋರಯ್ಯನ ಮಗನಾ? ಯಾಕಪ್ಪಾ ಡಬ್ಬ ಅಳ್ಸಿದ್ದು? ದಿನಾ ನೋಡ್ತಿದ್ದೆ, ಚೆನ್ನಾಗಿತ್ತು."

"ಕಂಪನಿಯೋರು ಬದಲಾಯಿಸ್ತಾವ್ರೆ ಅಮ್ಮಾ."

"ಈಗ ಬರೀ ಕೈ ಚಾಚ್ಕಂಡ್ ನಿಂತಂಗಾಯ್ತಲ್ಲೋ." ಅವಳು ತಲೆ ವಾಲಿಸಿ, ನೆನಪು ಮಾಡಿಕೊಳ್ಳುವವಳ ಹಾಗೆ ನೋಡಿದಳು. "ಆಗೆಲ್ಲ ನಮ್ಮ ಹಿತ್ಲಿಗೆ ಬರ್ತಿದ್ವಲ್ಲ ಮಕ್ಳು, ಗಂಜಿಗೆ. ಹಂಗೇ ಐತೆ ನೋಡು. ಪಾಪ, ಎಲ್ಲಿಗ್ ಹೋದ್ವೋ ಎಲ್ಲ."

ಅವಳ ದನಿಯಲ್ಲಿ ಏನೂ ಇರಲಿಲ್ಲ. ತಪ್ಪು ಇರಲಿಲ್ಲ, ಮುಳ್ಳೂ ಇರಲಿಲ್ಲ. ಮುದುಕಿಯೊಬ್ಬಳ ಪಾಪ ಎಂಬ ಮಾತು ಮಾತ್ರ ಇತ್ತು. ಅವಳು ಒಳಗೆ ಹೋದ ಮೇಲೆ ದೇವದಾಸ ಏಣಿಯಿಂದ ಇಳಿದು ರಸ್ತೆಯ ಆಚೆ ಹೋಗಿ ನಿಂತು ನೋಡಿದ. ಊದಿದ ಕೆನ್ನೆ. ಚಾಚಿದ ಕೈ. ಬಾಯಿಂದ ಹೊರಟ ಇನ್ನೂ ಬೇಕಮ್ಮಾ. ಮೂವತ್ತು ವರ್ಷದ ಮೇಲೆ ಅವನ ತಂಗಿ ಅದೇ ಮನೆಯ ಗೋಡೆಗೆ ಒರಗಿ ನಿಂತಿದ್ದಳು. ಹಸಿವಿನ ಊತ, ಸಕ್ಕರೆಯ ಊತ. ಎರಡನ್ನೂ ನೋಡಿ ಮನೆಯವರೆಲ್ಲ ಸಂತೋಷಪಟ್ಟದ್ದು ಒಂದೇ ಮಾತಿನಲ್ಲಿ. ತುಂಬಿಕೊಂಡಿದ್ದಾಳೆ.

ಅವನು ವಾಪಸು ಬಂದು ಅಕ್ಷರ ಅಳಿಸತೊಡಗಿದ. ಇದ್ದಿಲಿನ ಅಕ್ಷರವನ್ನು ಮೊದಲು, ಕೆಂಪಕ್ಷರವನ್ನು ಆಮೇಲೆ. ಚನ್ನಬಸವಯ್ಯ ಬಂದಾಗ ಗೋಡೆಯ ಮೇಲೆ ಮಗುವೊಂದೇ ಉಳಿದಿತ್ತು.

"ಏನ್ ಗುರು ಇದು! ಕೆನ್ನೆ ಅಳಿಸು ಅಂದ್ರೆ ಡಬ್ಬ ಅಳಿಸಿದೀಯಾ? ತಲೆ ಕೆಟ್ಟಿದ್ಯಾ?"

"ಕೆನ್ನೆ ಅಳ್ಸಕ್ಕಾಗಲ್ಲ ಸಾರ್. ಅದು ನಮ್ ಹುಡ್ಗೀದು."

"ನಿಮ್ ಹುಡ್ಗಿ ಯಾರಿಗ್ ಬೇಕು ಮಾರಾಯ? ನಾಳೆಯಿಂದ ಬೇರೆಯೋರ ಕೈಲಿ ಬರೆಸ್ತೀನಿ, ಹೋಗು."

"ಬರೆಸಿ," ಎಂದು ದೇವದಾಸ ಏಣಿ ಹೆಗಲಿಗೆ ಹಾಕಿಕೊಂಡ. ನಾಳೆ ಬೇರೆ ಯಾರೋ ಬಂದು ಬರೆಯುತ್ತಾರೆ, ಮೂವತ್ತೊಂಬತ್ತು ಗೋಡೆ ಇನ್ನೂ ಹಾಗೇ ಇವೆ, ಸಂಜೆಯಾದರೆ ಟೀವಿ ಮನೆಯೊಳಗೇ ಬಂದು ಹೇಳುತ್ತದೆ. ಇದೆಲ್ಲ ಅವನಿಗೆ ಗೊತ್ತಿತ್ತು. ಮನೆಯ ಕಡೆ ನಡೆಯುವಾಗ ಅವನನ್ನು ಹೆದರಿಸಿದ್ದು ಅದಲ್ಲ. ಗೋಡೆಗೆ ಹೇಳಿದ್ದನ್ನು ಮಗುವಿಗೆ ಹೇಳಬೇಕಾಗಿತ್ತು.

ಮನೆಯಲ್ಲಿ ಟೀವಿ ಹಾಕಿತ್ತು. ಅಂಕಮ್ಮ ಚಾಪೆಯ ಮೇಲೆ ಕೂತು ಒಂದು ಲೋಟ ಆಗಲೇ ಕುಡಿದು ಮುಗಿಸಿದ್ದಳು. ಅಜ್ಜಿ ಕಲಸಿ ಕೊಟ್ಟಿದ್ದಳೆಂದು ಗೊತ್ತಾಯಿತು. ಕೆಂಪಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೈಕಟ್ಟಿ ನಿಂತು, ಏನು ಮಾಡುತ್ತೀಯೋ ನೋಡೋಣ ಎಂಬಂತೆ ಗಂಡನನ್ನೇ ನೋಡುತ್ತಿದ್ದಳು. ಅವನು ಡಬ್ಬವನ್ನು ಗೂಡಿನಿಂದ ತೆಗೆದು ತನ್ನ ಪಕ್ಕ ಇಟ್ಟುಕೊಂಡು ಕೂತ. ಪೆಟ್ಟಿಗೆಯೊಳಗೆ ಆ ಸಪೂರ ಹುಡುಗ ಓಡಿದ, ಗೆದ್ದ, ಲೋಟ ಚಾಚಿದ. ತಾಕತ್, ತಾಕತ್, ತಾಕತ್. ಅಂಕಮ್ಮ ಅವನ ಜೊತೆಗೇ ಬಾಯಾಡಿಸಿ, ಜೊತೆಗೇ ಲೋಟ ಚಾಚಿದಳು, ಟೀವಿಯ ಕಡೆಗಲ್ಲ, ಅಪ್ಪನ ಕಡೆಗೆ.

"ಇನ್ನೂ ಬೇಕಪ್ಪಾ."

ಮೆತ್ತಗೆ ಹೇಳಬೇಕೆಂದುಕೊಂಡಿದ್ದ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಬಾಯೊಳಗೇ ತಿರುವಿ ಹಾಕಿಕೊಂಡು ಬಂದಿದ್ದ. ಸಾಕವ್ವಾ, ಸಾಕಲ್ವಾ ಪುಟ್ಟಿ, ಇವತ್ತಿಗೆ ಸಾಕು. ಆದರೆ ಬಾಯಿ ತೆರೆದಾಗ ಅವನಿಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಅದು ಹೊರಬಿತ್ತು.

"ಸಾಕು, ನಡಿ."

ಬಾಗಿಲು ಹಾಕಿದ ಸದ್ದು. ಚಾಚಿದ ಕೈ ಗಾಳಿಯಲ್ಲಿ ಒಂದು ಕ್ಷಣ ಹಾಗೇ ಇದ್ದು, ನಿಧಾನವಾಗಿ ಹಿಂದಕ್ಕೆ ಹೋಗಿ ಮಡಿಲಲ್ಲಿ ಕೂತಿತು. ಕೈ ಹೀಗೆಯೇ ಹಿಂದಕ್ಕೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಒಳಗಿನಿಂದ ಗೊತ್ತಿತ್ತು, ಹೊರಗಿನಿಂದ ನೋಡಿದ್ದು ಇದೇ ಮೊದಲು. ಸಪ್ಪಲಮ್ಮ ಕುಟ್ಟಾಣಿ ಬಿಟ್ಟು ತಲೆ ಎತ್ತಿದಳು. ಆ ದನಿ ಅವಳಿಗೂ ಗೊತ್ತಿತ್ತು. "ಥೂ," ಎಂದಳು. ಕೆಂಪಕ್ಕ ಬಂದು ಟೀವಿ ಆರಿಸಿದಳು. ಪರದೆಯ ನಡುವೆ ಒಂದು ಬಿಳಿ ಚುಕ್ಕೆ ಚಿಕ್ಕದಾಗುತ್ತ ಚಿಕ್ಕದಾಗುತ್ತ ಹೋಯಿತು. ಎಲ್ಲರೂ ಅದನ್ನೇ ನೋಡಿದರು.

ಅಂಕಮ್ಮ ಅಳುತ್ತಾಳೆಂದು ದೇವದಾಸ ಕಾದ. ಅವಳು ಅಳಲಿಲ್ಲ. ಈ ಮನೆಯಲ್ಲಿ ಯಾರೂ ಅವಳಿಗೆ ಹೀಗೆ ಹೇಳಿರಲಿಲ್ಲವಾದ್ದರಿಂದ ಆ ಮಾತು ಏನೆಂದೇ ಅವಳಿಗೆ ತಿಳಿದಿರಲಿಲ್ಲ. ಅವಳಿಗೆ ಅದು ಬರೀ ಕನ್ನಡವಾಗಿ ಕೇಳಿಸಿತ್ತು. ಹುಬ್ಬು ಗಂಟಿಕ್ಕಿ ಯೋಚಿಸಿ, ಕೇಳಿದಳು:

"ಎಲ್ಲಿಗೆ ನಡೀಲಿ?"

ಹಿತ್ತಿಲಿನಲ್ಲಿ ನಡಿ ಎಂದಾಗ ಎಲ್ಲಿಗೆ ಎಂದು ದೇವದಾಸ ಕೇಳಿರಲಿಲ್ಲ, ತಂಗಿ ಕೇಳಿರಲಿಲ್ಲ, ಬೋರಯ್ಯ ಕೇಳಿರಲಿಲ್ಲ.

"ಗೋಡೆ ತನಕ," ಎಂದ. ಎದ್ದ. "ನಾನೂ ಬರ್ತೀನಿ. ನಡಿ."

ಹೊರಗೆ ಇನ್ನೂ ಬೆಳಕಿತ್ತು. ಕೇರಿಯ ಬಾಯಲ್ಲಿ ಅಂಕಮ್ಮ ಚಪ್ಪಲಿ ಕೈಗೆ ತೆಗೆದುಕೊಂಡಳು. ಹಿಟ್ಟಿನ ಗಿರಣಿ ದಾಟುವಾಗ ಅವಳ ಉಸಿರು ಕೇಳಿಸತೊಡಗಿತು. ಅವನು ತನ್ನ ಹೆಜ್ಜೆ ಚಿಕ್ಕದು ಮಾಡಿದ. ಗಿರಣಿಯ ಕಟ್ಟೆಯ ಮೇಲೆ ಕೂತಿದ್ದವರಲ್ಲಿ ಒಬ್ಬ, "ಏನ್ ದೇವದಾಸಣ್ಣ, ಟಿನ್ನು ಎಲ್ಲಿಗೆ ಉರುಳ್ತಾ ಐತೆ?" ಎಂದ. ಉಳಿದವರು ನಕ್ಕರು. ದೇವದಾಸ ನಗಲಿಲ್ಲ. ಅಷ್ಟೇ ಮಾಡಿದ. ನಿಂತು ಅವನ ಮುಖವನ್ನು ನೋಡಿದ, ನಗದೆ. ಕಟ್ಟೆಯ ಮೇಲಿನ ನಗು ಎಲ್ಲಿ ಕೂರಬೇಕೆಂದು ತಿಳಿಯದೆ ಹೋಯಿತು.

ಕನಕಪುರ ರಸ್ತೆಯ ಏರು ಶುರುವಾಗುವ ಕಡೆ, ಗೋಡೆ ಇನ್ನೂ ಒಂದು ಕೂಗಳತೆ ದೂರ ಇರುವಾಗ, ಅಂಕಮ್ಮ ನಿಂತುಬಿಟ್ಟಳು. ಮುಖ ಕೆಂಪಾಗಿತ್ತು, ಬೆವರು ಕತ್ತಿನಿಂದ ಇಳಿಯುತ್ತಿತ್ತು. ಎರಡೂ ಮೊಣಕಾಲ ಮೇಲೆ ಕೈ ಊರಿ ಬಗ್ಗಿದಳು. ಅಪ್ಪ ಇನ್ನೂ ನಡೆಯುತ್ತಿರುವುದನ್ನು ಕಂಡು, ಒಂದು ಕೈ ಎತ್ತಿ ಅಡ್ಡ ಹಿಡಿದಳು.

"ಸಾಕಪ್ಪಾ," ಎಂದಳು. ಉಸಿರಿನ ನಡುವೆ ನಗು ಬಂದಿತ್ತು. "ಸಾಕು, ಸಾಕು."

ದೇವದಾಸ ಹಿಂದಿರುಗಿ ಬಂದ. ಅಡ್ಡ ಹಿಡಿದ ಆ ಕೈಯನ್ನು ನೋಡುತ್ತ ನಿಂತ. ಅವಳ ಉಸಿರು ತನ್ನಷ್ಟಕ್ಕೆ ಇಳಿಯುವವರೆಗೂ ಕಾದ, ಅವಸರ ಮಾಡಲಿಲ್ಲ. ಆಮೇಲೆ ಅವಳ ಎತ್ತರಕ್ಕೆ ಬಗ್ಗಿ, ಬಿಳಿ ಬಣ್ಣ ಒಣಗಿ ಅಂಟಿದ್ದ ತನ್ನ ಕೈ ಚಾಚಿದ.

"ಇನ್ನೊಂಚೂರು," ಎಂದ. "ಇನ್ನೊಂಚೂರು, ಕಣವ್ವಾ."